ಮಗಳು ಸ್ಕೋಲಿಯೋಸಿಸ್‌ಗಾಗಿ ಬ್ರೇಸ್ ಧರಿಸುವ ವಿಷಯವನ್ನು ಶಾಲೆಯಲ್ಲಿ ತಿಳಿಸಬೇಕೇ?

ನಿಮ್ಮ ಮಗಳಿಗೆ 13 ವರ್ಷ, ಎಕ್ಸ್‌-ರೇಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿ 28 ಡಿಗ್ರಿ ವಕ್ರತೆ (ಸ್ಕೋಲಿಯೋಸಿಸ್) ಕಂಡಿದೆ, ದಿನಕ್ಕೆ 18 ಗಂಟೆ ಬ್ರೇಸ್, ಅಂದರೆ ಬೆನ್ನನ್ನು ಹಿಡಿದಿಡುವ ಗಟ್ಟಿ ಕವಚ, ಧರಿಸಲು ವೈದ್ಯರು ಹೇಳಿದ್ದಾರೆ. ಆದರೆ ಶಾಲೆಯಲ್ಲಿ ಗೊತ್ತಾದರೆ ಮಕ್ಕಳು ಹಂಗಿಸುತ್ತಾರೆ, ಮುಂದೆ ಮದುವೆಗೂ ತೊಡಕಾದೀತು ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ಉತ್ತರ: ದಯವಿಟ್ಟು ಶಾಲೆಯಲ್ಲಿ ತಿಳಿಸಿ. ನಾನು ಮುಚ್ಚಿಟ್ಟವಳು, ಆದ್ದರಿಂದಲೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ನನಗೂ ಇದು ತಿಳಿದದ್ದು 13ನೇ ವಯಸ್ಸಿನಲ್ಲಿ, ಹಾಸನದಲ್ಲಿ ಎಂಟನೇ ತರಗತಿ ಓದುತ್ತಿದ್ದಾಗ. ಸಮವಸ್ತ್ರದ ವೇಲನ್ನು ಅಮ್ಮ ಎಷ್ಟೇ ಅಳತೆ ಮಾಡಿ ಪಿನ್ ಹಾಕಿದರೂ ಅದು ಎಡಕ್ಕೆ ಜಾರುತ್ತಿತ್ತು; ಅಜ್ಜಿ ‘ನೆಟ್ಟಗೆ ನಿಲ್ಲೇ’ ಎಂದು ಗದರುತ್ತಿದ್ದರು. ನೋವು ಇರಲಿಲ್ಲವಾದ್ದರಿಂದ ಇದು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ. ಮೊದಲು ನೋಡಿದ ವೈದ್ಯರು ಬೆಳೆಯುತ್ತಾ ಸರಿಹೋಗುತ್ತದೆ ಎಂದರು. ಬೆಳವಣಿಗೆಯ ಕಾಲದಲ್ಲೇ ವಕ್ರತೆ ವೇಗವಾಗಿ ಹೆಚ್ಚುವ ಅಪಾಯವಿರುತ್ತದೆ ಎಂಬುದನ್ನು ಬೆಂಗಳೂರಿನ ಮೂಳೆತಜ್ಞರೊಬ್ಬರು ವಿವರಿಸುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.

ನಮ್ಮಲ್ಲಿ ಅನೇಕರು ಇದನ್ನು ‘ಬೆನ್ನುಹುರಿ ಬಾಗುವುದು’ ಎಂದು ಬರೆಯುತ್ತಾರೆ. ಬಾಗುವುದು ಬೆನ್ನುಮೂಳೆ, ಹುರಿಯಲ್ಲ; ಈ ಒಂದು ಪದದ ತಪ್ಪಿನಿಂದಲೇ ಎಷ್ಟೋ ಮನೆಗಳಲ್ಲಿ ಮಗು ಪಾರ್ಶ್ವವಾಯುವಿಗೆ ತುತ್ತಾಗುತ್ತದೆಂಬ ಭಯ ಹುಟ್ಟುತ್ತದೆ. ಮೂಳೆಯ ಸಾಲು ಪಕ್ಕಕ್ಕೆ ವಾಲುವುದರ ಜೊತೆಗೆ ತಿರುಚಿಕೊಳ್ಳುವುದರಿಂದ ಒಂದು ಕಡೆಯ ಪಕ್ಕೆಲುಬುಗಳು ಉಬ್ಬುತ್ತವೆ. 10 ಡಿಗ್ರಿ ದಾಟಿದರೆ ಮಾತ್ರ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ, ಚಿಕಿತ್ಸೆ ಬೇಕಾಗುವಷ್ಟು ಹೆಚ್ಚುವುದು ಹುಡುಗಿಯರಲ್ಲೇ ಅಧಿಕ, ಮತ್ತು ಬಹುತೇಕರಲ್ಲಿ ಕಾರಣ ಗೊತ್ತಾಗುವುದಿಲ್ಲ. ಶಾಲಾ ಚೀಲದ ಭಾರದಿಂದಲೋ ಸೊಟ್ಟಗೆ ಕುಳಿತದ್ದರಿಂದಲೋ ಇದು ಬರುವುದಿಲ್ಲ. ನಿಮ್ಮ ಮಗಳು ಏನೂ ತಪ್ಪು ಮಾಡಿಲ್ಲ, ನೀವೂ ಮಾಡಿಲ್ಲ.

ಇನ್ನು ಮುಚ್ಚಿಡುವುದರ ಬೆಲೆ. ಆಗ ನನ್ನದು 27 ಡಿಗ್ರಿ ಇತ್ತು. ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಕವಚ ತಯಾರಾಗಿ ಬಂದಾಗ, ಶಾಲೆಗೆ ಹೋಗುವಾಗ ತೆಗೆದಿಡು ಎಂದದ್ದು ಅಮ್ಮನೇ. ನನ್ನ ಮೇಲಿನ ಮಮತೆಯಿಂದಲೇ ಹಾಗೆ ಹೇಳಿದ್ದರು. ಶಾಲೆ, ಬಸ್ಸು, ಟ್ಯೂಷನ್ ಸೇರಿ ಹನ್ನೊಂದು ಗಂಟೆ ಹೀಗೆ ಹೋಗುತ್ತಿತ್ತು, ಮನೆಗೆ ನೆಂಟರು ಬಂದ ದಿನ ಇನ್ನಷ್ಟು. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನವೊಂದರಲ್ಲಿ, ಬ್ರೇಸ್ ಧರಿಸಿದವರಲ್ಲಿ ಶೇ. 72ರಷ್ಟು ಮಕ್ಕಳ ವಕ್ರತೆ ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ಧರಿಸದವರಲ್ಲಿ ಈ ಪ್ರಮಾಣ ಶೇ. 48. ದಿನಕ್ಕೆ ಸರಾಸರಿ 12.9 ಗಂಟೆಗಿಂತ ಹೆಚ್ಚು ಧರಿಸಿದವರಲ್ಲಿ ಅದು ಶೇ. 90ನ್ನು ಮುಟ್ಟಿತ್ತು. ಆ ಮಕ್ಕಳ ಬ್ರೇಸಿನೊಳಗೆ ಶಾಖ ಅಳೆಯುವ ಪುಟ್ಟ ಸಾಧನವಿದ್ದುದರಿಂದ ಸುಳ್ಳು ಹೇಳಲು ಅವಕಾಶವಿರಲಿಲ್ಲ. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ಪ್ರತಿ ಭೇಟಿಯಲ್ಲೂ ವೈದ್ಯರಿಗೆ ‘ತಪ್ಪದೆ ಹಾಕಿಕೊಳ್ಳುತ್ತಿದ್ದೇನೆ’ ಎಂದೇ ಹೇಳಿದೆ. ಹತ್ತನೇ ತರಗತಿಯ ಹೊತ್ತಿಗೆ 48 ಡಿಗ್ರಿಯಾಗಿತ್ತು. ಪೂರ್ತಿ ಧರಿಸಿದ್ದರೂ ಹೆಚ್ಚುತ್ತಿತ್ತೇನೋ, ಕೆಲವರಿಗೆ ಹಾಗಾಗುತ್ತದೆ. ಆದರೆ ಆ ಪ್ರಶ್ನೆ ಈಗಲೂ ನನ್ನೊಳಗೆ ಉಳಿದಿದೆ. ಪರೀಕ್ಷೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಬೆನ್ನಿಗೆ ಎರಡು ಲೋಹದ ಸಲಾಕೆಗಳನ್ನು ಕೂಡಿಸಿದರು.

ಮದುವೆಯ ಮಾತಿಗೆ ಬಂದರೆ, ಬ್ರಿಟನ್ನಿನ ರಾಜಕುಮಾರಿ ಯೂಜಿನಿಗೆ 12ನೇ ವಯಸ್ಸಿನಲ್ಲಿ ಇದೇ ಶಸ್ತ್ರಚಿಕಿತ್ಸೆಯಾಗಿತ್ತು. 2018ರ ಅಕ್ಟೋಬರ್‌ನಲ್ಲಿ ನಡೆದ ತಮ್ಮ ಮದುವೆಗೆ ಆಕೆ ಮುಸುಕು ತೊಡದೆ, ಬೆನ್ನಿನ ಗಾಯದ ಗುರುತು ಎಲ್ಲರಿಗೂ ಕಾಣುವಂಥ ಉಡುಪನ್ನೇ ಹೊಲಿಸಿಕೊಂಡಿದ್ದರು. ಅರಮನೆಯವರ ಮಾತು ನಮಗೆ ಹೊಂದದು ಎಂದು ನಿಮ್ಮ ಮನೆಯ ಹಿರಿಯರು ಹೇಳಬಹುದು, ಅದು ನಿಜವೇ. ಅವರಿಗೆ ವೈದ್ಯರಿಂದಲೇ ಒಂದು ಮಾತು ಹೇಳಿಸಿ: ಈ ಬಗೆಯ ವಕ್ರತೆಯಿರುವ ಬಹುಪಾಲು ಹೆಣ್ಣುಮಕ್ಕಳಿಗೆ ಗರ್ಭ ಧರಿಸಲು, ಹೆರಲು ಇದರಿಂದ ಅಡ್ಡಿಯಿಲ್ಲ. ಮದುವೆಯ ಚಿಂತೆಯ ಹಿಂದೆ ಹೆಚ್ಚಾಗಿ ಅಡಗಿರುವುದು ಇದೇ ಪ್ರಶ್ನೆ.

ಈಗ ನನಗೆ 24 ವರ್ಷ, ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಜಗತ್ತಿನ ಹಲವೆಡೆ ಜೂನ್ ತಿಂಗಳನ್ನು ಸ್ಕೋಲಿಯೋಸಿಸ್ ಜಾಗೃತಿಗೆ ಮೀಸಲಿಡುತ್ತಾರೆ. ನಮ್ಮಲ್ಲಿ ಅದು ಶಾಲೆ ಶುರುವಾಗುವ ಕಾಲವೂ ಹೌದು. ಪೋಷಕರ ಒಪ್ಪಿಗೆ ಪಡೆದು, ದೈಹಿಕ ಶಿಕ್ಷಕಿಯೊಂದಿಗೆ ಸೇರಿ, ಹುಡುಗಿಯರನ್ನು ಒಬ್ಬೊಬ್ಬರಾಗಿ ಬಾಗಿಸಿ ನೋಡುತ್ತೇವೆ: ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈಗಳನ್ನು ಕೂಡಿಸಿ ತೂಗುಬಿಟ್ಟು ಮುಂದಕ್ಕೆ ಬಾಗಿದಾಗ ಬೆನ್ನಿನ ಒಂದು ಬದಿ ಎತ್ತರವಾಗಿ ಕಂಡರೆ ತಜ್ಞರಿಗೆ ತೋರಿಸಲು ಹೇಳುತ್ತೇವೆ. ಇಂಗ್ಲೆಂಡಿನ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ವಿಧಾನಕ್ಕೆ ಕಾಸಿನ ಖರ್ಚಿಲ್ಲ. ಕಳೆದ ವರ್ಷ ಕಳಿಸಿದ ಇಬ್ಬರಲ್ಲಿ ಒಬ್ಬಳಿಗೆ ಏನೂ ಇರಲಿಲ್ಲ. ಇನ್ನೊಬ್ಬಳು ಈಗ ನಮ್ಮ ಶಾಲೆಯಲ್ಲೇ ಬ್ರೇಸ್ ಧರಿಸಿ ಓಡಾಡುತ್ತಿದ್ದಾಳೆ. ಮೊದಲ ದಿನ ಅವಳೇ ಅದನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿಸಿದಳು, ತರಗತಿಯವರೆಲ್ಲ ಸರದಿಯ ಮೇಲೆ ತಟ್ಟಿ ನೋಡಿದರು. ಮೂರನೆಯ ದಿನಕ್ಕೆ ಯಾರಿಗೂ ಅದರಲ್ಲಿ ಕುತೂಹಲ ಉಳಿದಿರಲಿಲ್ಲ.

ಹೇಳುವ ಕೆಲಸವನ್ನು ನಿಮ್ಮ ಮಗಳಿಗೇ ಬಿಡಿ. ಯಾರಿಗೆ, ಯಾವಾಗ ಎಂಬುದನ್ನು ಅವಳೇ ಆರಿಸಲಿ. ನೀವು ತರಗತಿ ಶಿಕ್ಷಕರನ್ನು ಮಾತ್ರ ಮೊದಲೇ ಕಂಡು ಕೆಲವು ಅನುಕೂಲಗಳನ್ನು ಕೇಳಿಕೊಳ್ಳಿ. ಆಟದ ಪೀರಿಯಡ್ಡಿನಲ್ಲಿ ಬ್ರೇಸ್ ತೆಗೆದಿಡಲು ಬಾಗಿಲಿರುವ ಕೋಣೆಯೊಂದು ಬೇಕು. ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್ ತೊಡಿಸಿ, ಬೆವರಿದಾಗ ಬದಲಿಸಲು ಇನ್ನೊಂದನ್ನು ಚೀಲದಲ್ಲಿಡಿ. ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸಿ. ಮಧ್ಯಾಹ್ನದ ಊಟಕ್ಕೆ ನೆಲದ ಮೇಲೆ ಸಾಲಾಗಿ ಕೂರಿಸುವ ಶಾಲೆಯಾದರೆ ಅವಳಿಗೆ ಬೆಂಚು ಕೊಡಲು ಹೇಳಿ, ಜೊತೆಗೆ ಒಬ್ಬಿಬ್ಬರು ಗೆಳತಿಯರಿಗೂ ಅದೇ ಬೆಂಚಿನಲ್ಲಿ ಜಾಗವಿರಲಿ.