ನನ್ನ ತಪ್ಪು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ನಾನೇ ಹೋಗಿ ಹೇಳಬೇಕೇ?

ಗ್ರಾಹಕರಿಗೆ ಕಳುಹಿಸಿದ ಕೊಟೇಶನ್‌ನಲ್ಲಿ ಹೊಸ ದರದ ಬದಲು ಹಳೆಯ ದರವನ್ನು ನಮೂದಿಸಿದ್ದೀರಿ, ಅದನ್ನು ಪರಿಶೀಲಿಸಿ ಸಹಿ ಹಾಕಿದ ಇಬ್ಬರೂ ಗಮನಿಸಿಲ್ಲ, ಗ್ರಾಹಕರಿಂದ ಉತ್ತರವೂ ಬಂದಿಲ್ಲ. ಹೀಗಿರುವಾಗ ನೀವಾಗಿಯೇ ಮೇಲಧಿಕಾರಿಗೆ ತಿಳಿಸಬೇಕೇ, ತಿಳಿಸುವುದಾದರೆ ಇಡೀ ತಪ್ಪನ್ನು ಒಬ್ಬರೇ ಹೊರಬೇಕೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ತಿಳಿಸಿ, ಇವತ್ತೇ ತಿಳಿಸಿ. ಗ್ರಾಹಕರ ಒಪ್ಪಿಗೆ ಬರುವ ಮುನ್ನವಾದರೆ ಪರಿಷ್ಕೃತ ಕೊಟೇಶನ್ ಕಳುಹಿಸಿ ಕೆಲಸ ಮುಗಿಸಬಹುದು. ಒಪ್ಪಿಗೆ ಬಂದ ಮೇಲೆ ನಷ್ಟ ನುಂಗಿಕೊಳ್ಳುವುದೋ, ಕೊಟ್ಟ ಮಾತಿಗೆ ತಪ್ಪುವುದೋ ಎಂಬ ಇಕ್ಕಟ್ಟು ಎದುರಾಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ಮೇಲಧಿಕಾರಿ. ನೀವು ಸುಮ್ಮನಿದ್ದಷ್ಟು ದಿನವೂ ಅವರ ಮುಂದಿರುವ ದಾರಿಗಳು ಅವರಿಗೆ ಗೊತ್ತಿಲ್ಲದಂತೆಯೇ ಮುಚ್ಚಿಕೊಳ್ಳುತ್ತಿರುತ್ತವೆ.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನದೇ ಒಂದು ಪ್ರಸಂಗ ಹೇಳಬೇಕು. ನಾನು ಹಲವು ವರ್ಷ ವೇತನ ವಿಭಾಗದಲ್ಲಿ ಕೆಲಸ ಮಾಡಿದವನು. ಒಂದು ತಿಂಗಳು ಸಂಬಳದ ಲೆಕ್ಕಕ್ಕೆ ಆ ತಿಂಗಳ ಹಾಜರಿ ಫೈಲ್ ಹಾಕುವ ಬದಲು ಹಿಂದಿನ ತಿಂಗಳದ್ದನ್ನು ಅಪ್‌ಲೋಡ್ ಮಾಡಿದೆ. ರಜೆ ಹಾಕದವರ ಸಂಬಳ ಕಡಿತವಾಯಿತು, ಸಂಬಳವಿಲ್ಲದ ರಜೆ ಹಾಕಿದ್ದವರಿಗೆ ಪೂರ್ತಿ ಸಂದಾಯವಾಯಿತು. ದೂರುಗಳು ಬರತೊಡಗಿದ ಹೊತ್ತಿಗೆ ನನಗೆ ಕಾರಣ ಹೊಳೆದಿತ್ತು. ಆದರೂ ಮೇಲಧಿಕಾರಿಯ ಎದುರು ನನ್ನ ಬಾಯಿಂದ ಬಂದ ಮಾತು, ‘ಈ ಸಲದ ಲೆಕ್ಕದಲ್ಲಿ ಏನೋ ವ್ಯತ್ಯಾಸವಾಗಿದೆ ಸರ್’ ಎಂಬುದು. ಅದು ಸುಳ್ಳಾಗಿರಲಿಲ್ಲ. ಆದರೆ ಆ ಮಾತನ್ನು ನಂಬಿ ಅವರು ಸಾಫ್ಟ್‌ವೇರ್ ನೋಡಿಕೊಳ್ಳುವವರನ್ನು ಕರೆಸಿದರು, ಇಬ್ಬರು ಅರ್ಧ ದಿನ ಕುಳಿತು ಲೆಕ್ಕದ ಸೂತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ನಾನು ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕೊನೆಗೆ ತಡೆಯಲಾಗದೆ ‘ತಪ್ಪು ಫೈಲ್ ಹಾಕಿದವನು ನಾನು’ ಎಂದಾಗ ಅವರು ಫೈಲಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ; ಆ ಅರ್ಧ ದಿನದ ಬಗ್ಗೆ ಮಾತ್ರ ಬಹಳ ಹೊತ್ತು ಮಾತನಾಡಿದರು.

ಇಂಥ ಸಂದರ್ಭದಲ್ಲಿ ಅಡಗಿಕೊಳ್ಳಲು ಕನ್ನಡದಲ್ಲಿ ಬೇಕಾದಷ್ಟು ಜಾಗವಿದೆ. ‘ತಪ್ಪಾಯಿತು’, ‘ಕಣ್ತಪ್ಪಿನಿಂದ ಆಗಿಹೋಯಿತು’, ‘ಗಮನಕ್ಕೆ ಬರಲಿಲ್ಲ’, ‘ಮೇಲ್ ಹೋಗಿಬಿಟ್ಟಿದೆ’: ಈ ಯಾವ ವಾಕ್ಯದಲ್ಲಿಯೂ ಮಾಡಿದವರು ಕಾಣಿಸುವುದಿಲ್ಲ, ಮಳೆ ಬಂದಂತೆ ತಪ್ಪೂ ತಾನಾಗಿ ಬಂದಿರುತ್ತದೆ. ‘ತಪ್ಪಾಯಿತು’ ಎನ್ನುವುದು ದಿನಬಳಕೆಯಲ್ಲಿ ಕ್ಷಮೆ ಕೇಳುವ ವಿನಯದ ಮಾತು, ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಕೆಲಸದ ಜಾಗದಲ್ಲಿ ಕೇಳುವವರಿಗೆ ಕ್ಷಮೆಯಾಚನೆಗಿಂತ ಮೊದಲು ಮಾಹಿತಿ ಬೇಕಾಗಿರುತ್ತದೆ. ‘ನಾನು ಹಳೆಯ ದರಪಟ್ಟಿಯನ್ನು ತೆರೆದು ಅದರಿಂದ ಅಂಕಿಗಳನ್ನು ತೆಗೆದುಕೊಂಡೆ’ ಎಂದರೆ ದುರಸ್ತಿ ಎಲ್ಲಿಂದ ಆರಂಭವಾಗಬೇಕು, ಅದೇ ಪಟ್ಟಿಯಿಂದ ಹೋದ ಬೇರೆ ಕೊಟೇಶನ್‌ಗಳಿವೆಯೇ ಎಂಬುದು ತಕ್ಷಣ ಕೇಳಬಹುದಾದ ಪ್ರಶ್ನೆಗಳಾಗುತ್ತವೆ. ‘ದರದಲ್ಲಿ ವ್ಯತ್ಯಾಸವಾಗಿದೆ’ ಎಂದರೆ ಇನ್ನೊಬ್ಬರ ಅರ್ಧ ದಿನ ಹಾಳಾಗುತ್ತದೆ.

ಇಡೀ ತಪ್ಪನ್ನು ಹೊರಬೇಕೇ ಎಂದರೆ, ಬೇಡ. ನಿಮ್ಮ ಪಾಲನ್ನು ಚೌಕಾಶಿಯಿಲ್ಲದೆ ಹೊತ್ತರೆ ಸಾಕು. 2017ರ ಜನವರಿ 31ರಂದು ಸಾಫ್ಟ್‌ವೇರ್ ಬರೆಯುವವರ ಕೋಡ್ ಇರಿಸಿಕೊಳ್ಳುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ರಾತ್ರಿ ದುರಸ್ತಿಯ ನಡುವೆ ಒಂದು ಸರ್ವರ್‌ನಲ್ಲಿ ಅಳಿಸಬೇಕಾಗಿದ್ದ ದತ್ತಾಂಶವನ್ನು ಇನ್ನೊಂದರಲ್ಲಿ, ಅಂದರೆ ಬಳಕೆದಾರರ ನಿಜವಾದ ದತ್ತಾಂಶವಿದ್ದ ಸರ್ವರ್‌ನಲ್ಲಿ, ಅಳಿಸಲು ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲಿ ಎಚ್ಚೆತ್ತು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಬ್ಯಾಕಪ್‌ನಿಂದ ಮರಳಿ ಪಡೆಯಲು ಹೋದಾಗ ನಿತ್ಯದ ಬ್ಯಾಕಪ್‌ಗಳು ವಿಫಲವಾಗುತ್ತಿದ್ದದ್ದೂ, ಅದರ ಎಚ್ಚರಿಕೆಯ ಇಮೇಲ್‌ಗಳು ಯಾರಿಗೂ ತಲುಪದಿದ್ದದ್ದೂ ಬಯಲಾದವು. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆಜ್ಞೆ ಕೊಟ್ಟದ್ದು ಆ ವ್ಯಕ್ತಿಯ ಪಾಲು, ಬ್ಯಾಕಪ್‌ಗಳನ್ನು ಯಾರೂ ಪರೀಕ್ಷಿಸದಿದ್ದದ್ದು ಸಂಸ್ಥೆಯ ಪಾಲು. ಸಂಸ್ಥೆ ಎರಡನ್ನೂ ಬಹಿರಂಗವಾಗಿ ಬರೆಯಿತು, ಒಂದನ್ನು ತೋರಿಸಿ ಇನ್ನೊಂದನ್ನು ಸಣ್ಣದು ಮಾಡಲಿಲ್ಲ.

ನಿಮ್ಮಲ್ಲಿಯೂ ಹಳೆಯ ದರಪಟ್ಟಿ ಹೊಸದರ ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಉಳಿದುಕೊಂಡಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ನಾಳೆ ಮತ್ತೊಬ್ಬರು ಅದನ್ನೇ ತೆರೆಯುತ್ತಾರೆ. ಆದರೆ ಅದನ್ನು ನಿಮ್ಮ ತಪ್ಪೊಪ್ಪಿಗೆಯ ಬಾಲಕ್ಕೆ ‘ಆದರೆ’ ಎಂದು ಕಟ್ಟಬೇಡಿ. ದರ ಸರಿಪಡಿಸುವ ಕೆಲಸ ಮುಗಿದ ಮೇಲೆ ಬೇರೆಯೇ ಮಾತಾಗಿ ಎತ್ತಿ. ಹಾಗೆಯೇ ದೊಡ್ಡತನ ತೋರಿಸಲು ಪರಿಶೀಲಕರ ಲೋಪವನ್ನೂ ನಿಮ್ಮ ಮೇಲೆ ಎಳೆದುಕೊಂಡರೆ ಅದು ತ್ಯಾಗದಂತೆ ಕಂಡರೂ ತಪ್ಪು ಮಾಹಿತಿಯೇ.

ಒಪ್ಪಿಕೊಂಡರೆ ಶಿಕ್ಷೆಯಾದೀತು ಎಂಬ ಭಯ ಹುಸಿಯಲ್ಲ. ಆ ಭಯವಿರುತ್ತದೆಂದು ತಿಳಿದೇ ಅಮೆರಿಕದ ವಾಯುಯಾನ ಆಡಳಿತವು 1976ರಲ್ಲಿ ನಾಸಾದ ಕೈಯಲ್ಲಿ ಸುರಕ್ಷತಾ ವರದಿ ವ್ಯವಸ್ಥೆಯೊಂದನ್ನು ಇರಿಸಿತು: ಉದ್ದೇಶಪೂರ್ವಕವಲ್ಲದ, ಅಪರಾಧವೂ ಅಪಘಾತವೂ ಅಲ್ಲದ ನಿಯಮಭಂಗವನ್ನು ಪೈಲಟ್ 10 ದಿನಗಳೊಳಗೆ ತಾನಾಗಿ ವರದಿ ಮಾಡಿದ್ದರೆ, ಭಂಗ ಸಾಬೀತಾದರೂ ಸಾಮಾನ್ಯವಾಗಿ ದಂಡವನ್ನಾಗಲಿ ಪರವಾನಗಿಯ ಅಮಾನತನ್ನಾಗಲಿ ಹೇರುವುದಿಲ್ಲ. ನಿಮಗೆ ಅಂಥ ಲಿಖಿತ ರಕ್ಷಣೆ ಇರಲಿಕ್ಕಿಲ್ಲ; ಮುಂಗೋಪದ ಮೇಲಧಿಕಾರಿಯಾದರೆ ಬೈಸಿಕೊಳ್ಳಲೂಬೇಕಾದೀತು. ನಾನು ಮುಂದೆ ತಂಡ ನಡೆಸಿದಾಗಿನ ಅನುಭವವನ್ನಷ್ಟೇ ಹೇಳಬಲ್ಲೆ: ತಪ್ಪನ್ನು ಬಂದು ಹೇಳಿದವರ ತಪ್ಪುಗಳು ಈಗ ನೆನಪಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದವರ ಕಡತಗಳನ್ನು ಎರಡೆರಡು ಸಲ ನೋಡುವ ಅಭ್ಯಾಸವನ್ನು ಮಾತ್ರ ಕೊನೆಯವರೆಗೂ ಬಿಡಲಾಗಲಿಲ್ಲ.

ಎದುರಿಗೆ ಕುಳಿತು ಹೇಳಿ, ಆಮೇಲೆ ಅದನ್ನೇ ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆಯಿರಿ: ಏನು ಮಾಡಿದೆ, ಯಾವತ್ತು ಮಾಡಿದೆ, ಮೊತ್ತದಲ್ಲಿ ಎಷ್ಟು ವ್ಯತ್ಯಾಸ, ಈಗ ಅವರಿಂದ ಯಾವ ತೀರ್ಮಾನ ಬೇಕು. ಪರಿಷ್ಕೃತ ಕೊಟೇಶನ್‌ನ ಕರಡನ್ನು ಜೊತೆಗೆ ಒಯ್ಯಿರಿ, ಆದರೆ ಅವರ ಒಪ್ಪಿಗೆಯಿಲ್ಲದೆ ಗ್ರಾಹಕರಿಗೆ ಕಳುಹಿಸಬೇಡಿ. ಕ್ಷಮೆ ಒಮ್ಮೆ ಕೇಳಿದರೆ ಸಾಕು. ಐದು ಸಲ ಕೇಳಿದರೆ ಅವರು ಕೆಲಸ ಬಿಟ್ಟು ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಮೇಲಧಿಕಾರಿಯ ಬಳಿಗೆ ಹೋಗುವ ಹತ್ತು ನಿಮಿಷ ಮೊದಲು ಸಹಿ ಹಾಕಿದ ಆ ಇಬ್ಬರಿಗೂ ವಿಷಯ ತಿಳಿಸಿ. ಅವರಲ್ಲೊಬ್ಬರು ‘ನಾನೂ ಬರುತ್ತೇನೆ’ ಎಂದರೆ ಬರಲಿ, ‘ಸುಮ್ಮನಿದ್ದುಬಿಡಿ’ ಎಂದರೆ ನೀವೊಬ್ಬರೇ ಹೋಗಿ.