ಬ್ಯಾಟರ್ಸೀ ಚಿಮಣಿಗಳನ್ನು ಕೆಡವಿ ಕಟ್ಟಿದ್ದು ಸರಿಯೇ?

ಪ್ರಶ್ನೆ: ಲಂಡನ್ನಿನ ಬ್ಯಾಟರ್ಸೀ ವಿದ್ಯುತ್ ಸ್ಥಾವರವನ್ನು ಅಂಗಡಿ, ಕಚೇರಿ, ಮನೆಗಳಾಗಿ ಮಾರ್ಪಡಿಸುವಾಗ ಅದರ ನಾಲ್ಕೂ ಚಿಮಣಿಗಳನ್ನು ಕೆಡವಿ ಹೊಸದಾಗಿ ಕಟ್ಟಿದರಂತೆ. ಇದನ್ನು ಸಂರಕ್ಷಣೆ ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎನ್ನಬಹುದು ಎಂಬುದೇ ನನ್ನ ಅಭಿಪ್ರಾಯ. ಸ್ಥಾವರ 1983ರಲ್ಲಿ ನಿಂತ ಬಳಿಕ, ಅಲ್ಲಿ ಮನೋರಂಜನಾ ಉದ್ಯಾನ ಕಟ್ಟಲು ಹೊರಟವರು ಯಂತ್ರಗಳನ್ನು ಹೊರತೆಗೆಯುವುದಕ್ಕಾಗಿ ಛಾವಣಿಯನ್ನೇ ಕಿತ್ತು, 1989ರಲ್ಲಿ ಹಣ ಸಾಲದೆ ಕೆಲಸ ಕೈಬಿಟ್ಟರು. ಆಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಮಳೆ ನೇರವಾಗಿ ಉಕ್ಕಿನ ಹಂದರದ ಮೇಲೆ ಸುರಿಯಿತು. ಚಿಮಣಿಗಳ ಕಥೆ ಬೇರೆ. ಕಾಂಕ್ರೀಟಿನೊಳಗಿನ ಸರಳುಗಳು ತುಕ್ಕು ಹಿಡಿದಾಗ ಹಿಗ್ಗುತ್ತವೆ, ಹಿಗ್ಗಿದ ಸರಳು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲ್ಮೈಗೆ ತೇಪೆ ಹಚ್ಚಿದರೆ ಈ ರೋಗ ನಿಲ್ಲುವುದಿಲ್ಲ. ಹಾಗಾಗಿ ಅವನ್ನು ಮೂಲದ ಆಕಾರದಲ್ಲೇ ಮರಳಿ ಕಟ್ಟಿ 2017ರಲ್ಲಿ ಮುಗಿಸಲಾಯಿತು.

ಇಟ್ಟಿಗೆಯ ಬೃಹತ್ ಗೋಡೆಗಳು ಮಾತ್ರ ದುರಸ್ತಿಗೊಂಡು ಉಳಿದವು. ಆರ್ಟ್ ಡೆಕೊ ಎಂಬ, 1920–30ರ ದಶಕಗಳ ಅಲಂಕಾರಿಕ ಶೈಲಿಯ ನಿಯಂತ್ರಣ ಕೊಠಡಿಯಲ್ಲಿ ಹಳೆಯ ಮಾಪಕಗಳನ್ನೂ ಸ್ವಿಚ್ಚುಗಳನ್ನೂ ಹಾಗೆಯೇ ಕಾಪಾಡಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 2022ರ ಅಕ್ಟೋಬರಿನಲ್ಲಿ ಕಟ್ಟಡ ಸಾರ್ವಜನಿಕರಿಗೆ ತೆರೆಯಿತು; ಟರ್ಬೈನ್ ಸಭಾಂಗಣಗಳಲ್ಲಿ ಅಂಗಡಿಗಳಿವೆ, ಬಾಯ್ಲರ್ ಮನೆಯಲ್ಲಿ ಆಪಲ್ ಕಂಪನಿಯ ಕಚೇರಿಯಿದೆ.

ನನ್ನ ಆಕ್ಷೇಪವಿರುವುದು ಚಿಮಣಿಗಳ ಬಗ್ಗೆ ಅಲ್ಲ. ವೆಚ್ಚ ಏರಿತೆಂದು ಇಡೀ ಯೋಜನೆಯಲ್ಲಿ ಕೈಗೆಟಕುವ ದರದ ಮನೆಗಳನ್ನು 2017ರಲ್ಲಿ 636ರಿಂದ 386ಕ್ಕೆ ಇಳಿಸಲು ಅನುಮತಿ ಕೊಟ್ಟದ್ದು, ಸ್ಥಳೀಯರಿಗೆ ಆದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.