ಎನ್‌ಎಂಎಂಎಸ್ ಪಾಸಾದರೆ ಶಾಲೆಯವರು ಮನೆಗೆ ತಿಳಿಸುತ್ತಾರಾ?

ನಮಸ್ಕಾರ. ಮಗಳು ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ ಇದ್ದಾಗ ಎನ್‌ಎಂಎಂಎಸ್ (ಬಡ ಕುಟುಂಬದ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್) ಪರೀಕ್ಷೆ ಬರೆದಿದ್ದಾಳೆ, ಈಗ ಪಕ್ಕದೂರಿನ ಹೈಸ್ಕೂಲಲ್ಲಿ ಒಂಬತ್ತನೇ ತರಗತಿ, ಪಾಸಾಗಿದ್ದರೆ ಶಾಲೆಯಿಂದ ಪತ್ರ ಬರುತ್ತದಾ, ಫೋನ್ ಬರುತ್ತದಾ ಅಂತ ಕೇಳಿದ್ದೀರಿ. ಕಾಯಬೇಡಿ. ನಾಳೆಯೇ ಹೋಗಿ ಕೇಳಿ. ಅದೂ ಹೈಸ್ಕೂಲಲ್ಲಿ ಅಲ್ಲ, ಅವಳು ಬಿಟ್ಟು ಬಂದ ಹಳೆಯ ಶಾಲೆಯಲ್ಲಿ.

ನಾನು ಸರ್ಕಾರಿ ಹೈಸ್ಕೂಲಿನ ಗಣಿತ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಸ್ಕಾಲರ್‌ಶಿಪ್ ಕೆಲಸವೂ ನನ್ನ ತಲೆಯ ಮೇಲೆಯೇ ಇದೆ. ಸುದ್ದಿ ಮಕ್ಕಳಿಗೆ ಹೇಗೆ ಮುಟ್ಟುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎರಡನ್ನೂ ನೋಡಿದ್ದೇನೆ.

ಆಯ್ಕೆ ಪಟ್ಟಿ ಬಂದಾಗ ಅದು ಹೆಡ್‌ಮಾಸ್ಟರುಗಳ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ತರಬೇತಿಯ ಆದೇಶ ಎಲ್ಲ ಬರುವುದೂ ಅದೇ ಗ್ರೂಪಿಗೆ. ಹೆಡ್‌ಮಾಸ್ಟರು ಪಟ್ಟಿ ತೆರೆದು ತಮ್ಮ ಶಾಲೆಯ ಹೆಸರು ಹುಡುಕಬೇಕು. ಸಿಕ್ಕರೆ ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಹೆಸರು ಓದುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸುತ್ತಾರೆ. ಮನೆಗೆ ತಿಳಿಸುವ ಕೆಲಸ ಮಗುವಿನದೇ. ಆ ದಿನ ಮಗು ರಜೆ ಹಾಕಿದ್ದರೆ ಸುದ್ದಿ ಅಲ್ಲಿಗೇ ನಿಲ್ಲಬಹುದು.

ನಿಮ್ಮ ಮಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಪರೀಕ್ಷೆ ಎಂಟನೇ ತರಗತಿಯವರಿಗೆ. ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಎಂಟನೇ ತರಗತಿಯೇ ಕೊನೆ. ಪಟ್ಟಿ ತಡವಾದರೆ ಮಗು ಅಷ್ಟರಲ್ಲಿ ಟಿಸಿ ತೆಗೆದುಕೊಂಡು ಬೇರೆ ಕಡೆ ಸೇರಿರುತ್ತದೆ. ಪಟ್ಟಿಯಲ್ಲಿ ಇರುವುದು ಹಳೆಯ ಶಾಲೆಯ ಹೆಸರು. ಆ ಮಗು ಪರೀಕ್ಷೆ ಬರೆದಿದೆ ಎನ್ನುವುದೇ ಹೊಸ ಶಾಲೆಯವರಿಗೆ ಗೊತ್ತಿರುವುದಿಲ್ಲ. ಮಗು ಎಲ್ಲಿ ಸೇರಿದೆ ಎಂದು ಹಳೆಯ ಶಾಲೆಯವರು ಹುಡುಕಿಕೊಂಡು ಹೋಗಬೇಕು. ಹೋಗುವ ಮೇಷ್ಟ್ರುಗಳೂ ಇದ್ದಾರೆ, ಬೈಕ್ ಹತ್ತಿ ಮನೆ ಬಾಗಿಲಿಗೇ ಹೋಗಿ ಹೇಳಿ ಬಂದವರನ್ನು ನಾನು ಬಲ್ಲೆ. ಎಲ್ಲ ಕಡೆ ಹಾಗೆ ಆಗುವುದಿಲ್ಲ.

ನಮ್ಮಲ್ಲೇ ಒಮ್ಮೆ ಹೀಗಾಯಿತು. ಒಬ್ಬ ಹುಡುಗ ಜೂನ್‌ನಲ್ಲಿ ಒಂಬತ್ತಕ್ಕೆ ಬಂದು ಸೇರಿದ. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ದಸರಾ ಕಳೆದು ಎಷ್ಟೋ ದಿನವಾದ ಮೇಲೆ ಅವನ ಹಳೆಯ ಶಾಲೆಯಿಂದ ಫೋನ್ ಬಂತು. ‘ಆ ಹುಡುಗ ನಿಮ್ಮಲ್ಲಿದ್ದಾನಾ? ಎನ್‌ಎಂಎಂಎಸ್ ಪಟ್ಟಿಯಲ್ಲಿ ಅವನ ಹೆಸರಿದೆ’ ಅಂದರು. ಅಷ್ಟರಲ್ಲಿ ಅರ್ಜಿ ಹಾಕುವ ಕೊನೆಯ ದಿನ ದಾಟಿತ್ತು. ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ದುಡ್ಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ‘ಸರ್, ಹಾಗಾದ್ರೆ ನಾನು ಪಾಸಾಗಿದ್ನಾ?’ ಅಂದ. ಇಷ್ಟು ತಿಂಗಳು ಫೇಲಾಗಿದ್ದೇನೆ ಅಂತಲೇ ಅಂದುಕೊಂಡಿದ್ದನಂತೆ. ಮಾರನೇ ದಿನ ಪ್ರಾರ್ಥನೆಯಲ್ಲಿ ಅವನ ಹೆಸರು ಓದಿದೆವು. ಆದರೂ ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ದುಡ್ಡೂ ಕಡಿಮೆಯದಲ್ಲ. ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಎರಡನೇ ಪಿಯುಸಿವರೆಗೆ. ನಾಲ್ಕು ವರ್ಷಕ್ಕೆ 48,000. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅದು ಖಾತೆಗೆ ಬೀಳುವುದಿಲ್ಲ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದನ್ನು ಮೊದಲು ಈಗ ಓದುತ್ತಿರುವ ಶಾಲೆ, ಆಮೇಲೆ ಜಿಲ್ಲಾ ಹಂತದ ಅಧಿಕಾರಿ ಪರಿಶೀಲಿಸಿ ಒಪ್ಪಬೇಕು. ಮುಂದೆ ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಇನ್ನೊಂದು ಮಾತು. ಒಂಬತ್ತಕ್ಕೆ ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದರೆ ಈ ಸ್ಕಾಲರ್‌ಶಿಪ್ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಕಳೆದುಕೊಂಡವರಿದ್ದಾರೆ.

ಬೇರೆ ಬಹುಮಾನಗಳ ದಾರಿ ಬೇರೆ ಬೇರೆ. ಇನ್‌ಸ್ಪೈರ್ ಅವಾರ್ಡ್‌ಗೆ ಮಕ್ಕಳ ಹೊಸ ವಿಜ್ಞಾನ ಐಡಿಯಾಗಳನ್ನು ಶಾಲೆಯೇ ಆನ್‌ಲೈನಲ್ಲಿ ಕಳಿಸುತ್ತದೆ. ಆಯ್ಕೆಯಾದರೆ 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ, ಹಾಗಾಗಿ ನೋಂದಣಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇದೆಯಾ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಶಾಲೆಯ ದತ್ತಿ ಬಹುಮಾನ ಇದ್ದರೆ ಶಾಲೆಯವರೇ ಕರೆಯುತ್ತಾರೆ. ಸಂಘ ಸಂಸ್ಥೆಗಳ ಪ್ರತಿಭಾ ಪುರಸ್ಕಾರ ಹಾಗಲ್ಲ. ಪೇಪರಿನಲ್ಲಿ ಸಣ್ಣ ಪ್ರಕಟಣೆ ಬರುತ್ತದೆ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್, ಫೋಟೋ ಇಟ್ಟು ನೀವೇ ಅರ್ಜಿ ಕೊಡಬೇಕು. ಅದರ ಸುದ್ದಿ ಎಷ್ಟೋ ಸಲ ನಮಗೂ ಬರುವುದಿಲ್ಲ.

ಆ ಹುಡುಗನ ಘಟನೆ ಆದ ಮೇಲೆ ನಾನು ಎರಡು ಕೆಲಸ ಶುರು ಮಾಡಿದೆ. ಜೂನ್‌ನಲ್ಲಿ ಒಂಬತ್ತಕ್ಕೆ ಸೇರುವ ಪ್ರತಿ ಮಗುವನ್ನೂ ‘ಎನ್‌ಎಂಎಂಎಸ್ ಬರೆದಿದ್ದೀಯಾ?’ ಅಂತ ಕೇಳುತ್ತೇನೆ. ಬರೆದಿದ್ದರೆ ರಿಜಿಸ್ಟರ್ ನಂಬರ್ ಬರೆದಿಟ್ಟುಕೊಂಡು ಪಟ್ಟಿಯಲ್ಲಿ ನಾನೇ ಹುಡುಕುತ್ತೇನೆ. ಎರಡನೆಯದು ಚೀಟಿ. ಯಾವ ಬಹುಮಾನವೇ ಬರಲಿ, ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹೆಡ್‌ಮಾಸ್ಟರ ಸಹಿ, ಶಾಲೆಯ ಸೀಲು ಹಾಕಿಸಿ ಮನೆಗೆ ಕಳಿಸುತ್ತೇನೆ. ಪ್ರಾರ್ಥನೆಯಲ್ಲಿ ಹೆಸರು ಓದುವುದೂ ಬೇಕು, ಚಿಕ್ಕ ತರಗತಿಯ ಮಕ್ಕಳಿಗೆ ಅದರಿಂದ ಆಸೆ ಹುಟ್ಟುತ್ತದೆ. ಆದರೆ ಅಪ್ಪ ಅಮ್ಮನ ಕೈಗೆ ಕಾಗದ ಹೋಗಬೇಕು. ಒಬ್ಬ ಹುಡುಗಿಯ ತಾಯಿ ಎರಡು ವರ್ಷದ ನಂತರ ಟಿಸಿಗೆಂದು ಬಂದಾಗ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಆ ಚೀಟಿಯನ್ನು ಮಡಿಕೆ ಬಿಚ್ಚಿ ತೋರಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

ಈಗ ನಿಮ್ಮ ಕೆಲಸ. ಮಗಳ ಹಾಲ್ ಟಿಕೆಟ್ ಹುಡುಕಿ. ಅದನ್ನು ತೆಗೆದುಕೊಂಡು ಹಳೆಯ ಶಾಲೆಯ ಹೆಡ್‌ಮಾಸ್ಟರನ್ನು ನೋಡಿ, ಪಟ್ಟಿ ತೋರಿಸಿ ಅನ್ನಿ. ಅವರು ಸಿಗದಿದ್ದರೆ ಸೀದಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು. ಹೆಸರಿದ್ದರೆ ಅದೇ ದಿನ ಹೈಸ್ಕೂಲಿಗೆ ಹೋಗಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಮೇಷ್ಟ್ರಿಗೆ ತಿಳಿಸಿ. ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಅವಳ ಹೆಸರು ಒಂದೇ ತರ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಕೆಲವೊಮ್ಮೆ ತೊಂದರೆಯಾಗುತ್ತದೆ, ಈಗಲೇ ಸರಿ ಮಾಡಿಸಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ.

ಏನಾಯಿತು ಅಂತ ಇಲ್ಲೇ ಬರೆಯಿರಿ. ಅರ್ಜಿ ಹಾಕುವಾಗ ಎಲ್ಲಾದರೂ ನಿಂತುಹೋದರೆ ಕೇಳಿ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರಿದ್ದರೆ ಮೊದಲು ಮಗಳಿಗೆ ಹೇಳಿ, ಆಮೇಲೆ ಬ್ಯಾಂಕಿಗೆ ಹೋಗಿ.